ನೈಟ್ರೋ ಆರ್‌ಸಿ ಕಾರ್ ಸ್ಟಾರ್ಟ್ ಆಗ್ತಿಲ್ವಾ? ನೀಡಲ್ ಮುಟ್ಟುವ ಮೊದಲು ಈ ಕ್ರಮದಲ್ಲಿ ನೋಡಿ

ಹಗ್ಗ ಎಳೆದು ಎಳೆದು ಕೈ ಸೋತಿರುತ್ತದೆ. ಇಂಜಿನ್ ಒಂದು ಸಲ ‘ಪುಟ್’ ಅಂದು ಮತ್ತೆ ಸುಮ್ಮನಾಗುತ್ತದೆ. ನೈಟ್ರೋ ಇಂಧನದಲ್ಲಿ ಓಡುವ ಇಂಥ ರಿಮೋಟ್ ಕಾರು ಯಾರಾದರೂ ನನ್ನ ಹತ್ತಿರ ತಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ‘ನೀಡಲ್ ತಿರುಗಿಸಿದ್ರಾ?’ ಹೆಚ್ಚಿನವರು ಹೌದು ಅನ್ನುತ್ತಾರೆ. ಎಷ್ಟು ಸುತ್ತು ಅಂತ ಕೇಳಿದರೆ ನೆನಪಿಲ್ಲ. (ನೀಡಲ್ ಅಂದರೆ ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕು ಅಂತ ಹೊಂದಿಸುವ, ಕಾರ್ಬ್ಯುರೇಟರ್‌ನ ಸೂಜಿಯಂಥ ಸ್ಕ್ರೂ.)

ತೊಂದರೆ ಅಲ್ಲೇ ಶುರುವಾಗುವುದು. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಸತ್ತಿದ್ದರೆ ನೀಡಲ್ ಎಲ್ಲಿದ್ದರೂ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಹೊಸ ಪ್ಲಗ್ ಹಾಕಿದರೂ ಆಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ನೀಡಲ್ ಜಾಗ ತಪ್ಪಿರುತ್ತದೆ. ಒಂದಿದ್ದ ತೊಂದರೆ ಎರಡಾಯಿತು. ಈಗ ಯಾವುದು ಕಾರಣ ಅಂತ ಹೇಳುವುದೇ ಕಷ್ಟ.

ಆದ್ದರಿಂದ ಕ್ರಮ ಹೀಗಿರಲಿ: ಇಂಜಿನ್ ತಿರುಗುತ್ತಿದೆಯಾ, ಪ್ಲಗ್ ಕೆಂಪಾಗುತ್ತಿದೆಯಾ, ಇಂಧನ ಬರುತ್ತಿದೆಯಾ, ಗಾಳಿ ಸರಿಯಾದ ದಾರಿಯಲ್ಲಿ ಮಾತ್ರ ಹೋಗುತ್ತಿದೆಯಾ. ಈ ನಾಲ್ಕೂ ಆದ ಮೇಲೆ ನೀಡಲ್. ಇಲ್ಲಿ ಬರೆದಿರುವುದು ಹಗ್ಗ ಎಳೆದು ಸ್ಟಾರ್ಟ್ ಮಾಡುವ .15, .18, .21 ಇಂಜಿನ್‌ಗಳಿಗೆ, ಅಂದರೆ ಸುಮಾರು 2.5ರಿಂದ 3.5 ಸಿಸಿಯವಕ್ಕೆ. ಎಲೆಕ್ಟ್ರಿಕ್ ಸ್ಟಾರ್ಟರ್ ಅಥವಾ ಸ್ಟಾರ್ಟರ್ ಬಾಕ್ಸ್ ಇದ್ದರೂ ಹಗ್ಗದ ಮಾತು ಬಿಟ್ಟು ಉಳಿದದ್ದೆಲ್ಲ ಹಾಗೇ ಅನ್ವಯಿಸುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಚಾರ್ಜ್ ಆದ ಗ್ಲೋ ಇಗ್ನೈಟರ್ (ಪ್ಲಗ್ ಕೆಂಪು ಮಾಡುವ ಬ್ಯಾಟರಿ). ಕನಿಷ್ಠ ಎರಡು ಹೊಸ ಗ್ಲೋ ಪ್ಲಗ್. ಪ್ಲಗ್ ಬಿಚ್ಚುವ ನಾಲ್ಕು ಬಾಯಿಯ ಸ್ಪಾನರ್ (ಪ್ಲಗ್‌ಗೆ ಸಾಮಾನ್ಯವಾಗಿ 8 ಮಿ.ಮೀ. ಬಾಯಿ ಬೇಕು). ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಅಲೆನ್ ಕೀಗಳು, ಒಂದಷ್ಟು ಹಳೆ ಬಟ್ಟೆ, ಹೇರ್ ಡ್ರೈಯರ್, ಒಂದು ಅಡಿ ಸಿಲಿಕಾನ್ ಫ್ಯೂಯಲ್ ಪೈಪ್, ಪೆನ್ನು ಮತ್ತು ಚೀಟಿ. ಕಣ್ಣಿಗೆ ಕನ್ನಡಕ ಇರಲೇಬೇಕು.

ಹೊಸ ಪ್ಲಗ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಅರ್ಧ ದಾರಿಯಲ್ಲಿ ‘ಪ್ಲಗ್ ಸರಿಯಿದೆಯೋ ಇಲ್ಲವೋ’ ಅನ್ನುವ ಅನುಮಾನ ಬಂದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥ ಇರುವುದಿಲ್ಲ.

## ಇಂಧನದ ಬಗ್ಗೆ ಮೂರು ಎಚ್ಚರಿಕೆ

ನೈಟ್ರೋ ಇಂಧನದಲ್ಲಿ ಇರುವುದು ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ. ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ನಮ್ಮಲ್ಲಿ ಬೈಕ್‌ನಿಂದ ಪೆಟ್ರೋಲ್ ತೆಗೆಯುವಾಗ ಪೈಪಿಗೆ ಬಾಯಿ ಹಚ್ಚಿ ಎಳೆಯುವ ರೂಢಿ ಇದೆ, ಅಲ್ವಾ? ಇಲ್ಲಿ ಅದನ್ನು ಖಂಡಿತ ಮಾಡಬೇಡಿ. ಪೈಪಿಗೆ ಬಾಯಿಯಿಂದ ಊದುವುದೂ ಬೇಡ. ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ, ಹಾಗಾಗಿ ಕೈಗೆ ಬಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ.

ಎರಡನೆಯದು ಬೆಂಕಿ. ಮೆಥನಾಲ್ ಉರಿದರೆ ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಬೀಡಿ, ಸಿಗರೇಟು, ದೀಪ ಹತ್ತಿರ ಬೇಡ. ಇಂಧನದ ಬಾಟಲಿಯ ಮುಚ್ಚಳ ಹಾಕಿ ದೂರ ಇಟ್ಟ ಮೇಲೆಯೇ ಇಗ್ನೈಟರ್ ಕೈಗೆ ತೆಗೆದುಕೊಳ್ಳಿ.

ಮೂರನೆಯದು ಹೊಗೆ. ಮನೆಯೊಳಗೆ, ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬೇಡಿ. ಅಂಗಳ, ತಾರಸಿ, ಮೈದಾನ, ಎಲ್ಲಾದರೂ ಸರಿ, ಹೊರಗಿರಲಿ.

## ಹಂತ 1: ಹಗ್ಗ ಬಿಡಿ, ಕೈಯಿಂದ ಫ್ಲೈವೀಲ್ ತಿರುಗಿಸಿ

ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ, ಆಮೇಲೆ ಕಾರಿನ ರಿಸೀವರ್. ಇಗ್ನೈಟರ್ ಹಾಕಬೇಡಿ. ಇಂಜಿನ್ನಿನ ಮುಂದಿರುವ ಫ್ಲೈವೀಲ್ ಅನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಫ್ಲೈವೀಲ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು.

ಒಂದು ಸುತ್ತಿನಲ್ಲಿ ಒಂದು ಕಡೆ ಬಿಗಿಯಾಗಿ, ಅದನ್ನು ದಾಟಿದ ಮೇಲೆ ಸಡಿಲವಾಗಿ ತಿರುಗಿದರೆ ಸರಿ. ಹಂತ 2ಕ್ಕೆ ಹೋಗಿ. ಬಿಗಿ ಜಾಗಕ್ಕೆ ಬಂದು ಗೋಡೆಗೆ ಬಡಿದ ಹಾಗೆ ನಿಂತರೆ ಕಾರಣ ಮೂರರಲ್ಲಿ ಒಂದು.

ಇಂಧನ ತುಂಬಿಕೊಂಡಿದೆ. ಮೆಕ್ಯಾನಿಕ್‌ಗಳು ‘ಓವರ್ ಆಗಿದೆ’ ಅನ್ನುತ್ತಾರಲ್ಲ, ಅದೇ. ಪಿಸ್ಟನ್ ಮೇಲೆ ದ್ರವ ನಿಂತಿದೆ, ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ. ಈ ಸ್ಥಿತಿಯಲ್ಲಿ ಜೋರಾಗಿ ಹಗ್ಗ ಎಳೆದರೆ ಹಗ್ಗ ಹರಿಯುತ್ತದೆ, ಕೆಲವೊಮ್ಮೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ. ರಂಧ್ರದ ಮೇಲೆ ದಪ್ಪ ಬಟ್ಟೆ ಮುಚ್ಚಿ, ಕಾರನ್ನು ತಲೆಕೆಳಗು ಮಾಡಿ, ಐದಾರು ಸಲ ಹಗ್ಗ ಎಳೆಯಿರಿ. ಮೊದಲ ಎಳೆತಕ್ಕೇ ಇಂಧನ ಪಿಚಕಾರಿಯ ಹಾಗೆ ಚಿಮ್ಮಿ ಬಟ್ಟೆ ಒದ್ದೆಯಾಗುತ್ತದೆ. ಮುಖ ಪಕ್ಕಕ್ಕಿರಲಿ. ಬಟ್ಟೆಗೆ ಹೊಸ ಒದ್ದೆ ಬರುವುದು ನಿಂತ ಮೇಲೆ ಇನ್ನೆರಡು ಸಲ ಎಳೆದು ಪ್ಲಗ್ ಮತ್ತೆ ಹಾಕಿ. ಆ ಬಟ್ಟೆಯನ್ನು ದೂರ ಇಡಿ.

ಎಣ್ಣೆ ಗಟ್ಟಿಯಾಗಿದೆ. ತಿಂಗಳುಗಟ್ಟಲೆ ಓಡಿಸದ ಕಾರಿನಲ್ಲಿ ಇಂಧನದೊಳಗಿನ ಹರಳೆಣ್ಣೆ ಅಂಟಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪ್ಲಗ್ ಬಿಚ್ಚಿ, ರಂಧ್ರಕ್ಕೆ ನಾಲ್ಕೈದು ಹನಿ ಆಫ್ಟರ್‌ರನ್ ಎಣ್ಣೆ (ಆಟ ಮುಗಿದ ಮೇಲೆ ಇಂಜಿನ್ನಿಗೆ ಬಿಡುವ ಎಣ್ಣೆ) ಬಿಟ್ಟು, ಹೇರ್ ಡ್ರೈಯರ್‌ನಿಂದ ಹತ್ತು ನಿಮಿಷ ಇಂಜಿನ್ ಬಿಸಿ ಮಾಡಿ. ಟ್ಯಾಂಕಿನಲ್ಲಿ ಇಂಧನ ಇದ್ದರೆ ಡ್ರೈಯರ್ ಆನ್ ಮಾಡುವ ಮೊದಲೇ ಖಾಲಿ ಮಾಡಿ. ಆಮೇಲೆ ಫ್ಲೈವೀಲನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸಿ. ಎಕ್ಸಾಸ್ಟ್ ಕಿಂಡಿಯೊಳಗೆ ಸ್ಕ್ರೂಡ್ರೈವರ್ ತೂರಿಸಿ ಪಿಸ್ಟನ್ ತಳ್ಳಬೇಡಿ. ಒಂದು ಗೀರು ಬಿದ್ದರೆ ಆ ಪಿಸ್ಟನ್ ಕಥೆ ಮುಗಿಯಿತು.

ಇಂಜಿನ್ ಹೊಸದು. ಇದು ತೊಂದರೆಯೇ ಅಲ್ಲ. ಈ ಇಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ಇರುವುದಿಲ್ಲ. ಸ್ಲೀವ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಮೇಲ್ತುದಿಯಲ್ಲಿ ಸ್ವಲ್ಪ ಕಿರಿದಾಗಿರುತ್ತದೆ, ಪಿಸ್ಟನ್ ಅಲ್ಲಿ ಕಚ್ಚಿಕೊಳ್ಳುತ್ತದೆ. ಕಂಪ್ರೆಷನ್ ಸಿಗುವುದೇ ಆ ಬಿಗಿಯಿಂದ. ಬಿಸಿಯಾದಾಗ ಸ್ಲೀವ್ ಹಿಗ್ಗಿ ಜಾಗ ಕೊಡುತ್ತದೆ. ಹಾಗಾಗಿ ಹೊಸ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಹೆಡ್ (ಇಂಜಿನ್ನಿನ ತಲೆ) ಮೇಲೆ ಬೆರಳು ಇಡಲು ಆಗದಷ್ಟು ಬಿಸಿ ಬರುವವರೆಗೆ ಹೇರ್ ಡ್ರೈಯರ್ ಹಿಡಿಯಿರಿ. ಟ್ಯಾಂಕಿಗೆ ಇಂಧನ ಹಾಕುವುದು ಇದಾದ ಮೇಲೆ. ತಣ್ಣಗಿರುವಾಗ ಹಟ ಹಿಡಿದು ಎಳೆದರೆ ಹಗ್ಗವೂ ಹೋಗುತ್ತದೆ, ಸ್ಲೀವೂ ಸವೆಯುತ್ತದೆ.

ಇನ್ನೊಂದು ಸಂಗತಿ: ಹಗ್ಗ ಸಲೀಸಾಗಿ ಬರುತ್ತದೆ, ಆದರೆ ಫ್ಲೈವೀಲ್ ತಿರುಗುವುದೇ ಇಲ್ಲ. ಆಗ ಪುಲ್ ಸ್ಟಾರ್ಟ್ (ಹಗ್ಗದ ಸ್ಟಾರ್ಟರ್) ಒಳಗಿನ, ಒಂದೇ ದಿಕ್ಕಿಗೆ ಹಿಡಿಯುವ ಒನ್‌ವೇ ಬೇರಿಂಗ್ ಜಾರುತ್ತಿದೆ. ಬಿಚ್ಚಿ, ಬೇರಿಂಗ್ ಮತ್ತು ಅದರೊಳಗೆ ಕೂರುವ ಶಾಫ್ಟ್ ಎರಡನ್ನೂ ಒರೆಸಿ, ಹಗುರ ಎಣ್ಣೆ ಒಂದೇ ಹನಿ ಬಿಡಿ. ಗ್ರೀಸ್ ತುಂಬಿದರೆ ಇನ್ನೂ ಜಾಸ್ತಿ ಜಾರುತ್ತದೆ. ಒರೆಸಿದ ಮೇಲೂ ಜಾರಿದರೆ ಬೇರಿಂಗ್ ಬದಲಿಸಿ.

## ಹಂತ 2: ಪ್ಲಗ್ ಬಿಚ್ಚಿ, ಕಣ್ಣಾರೆ ನೋಡಿ

ಗ್ಲೋ ಪ್ಲಗ್ ಬೈಕಿನ ಸ್ಪಾರ್ಕ್ ಪ್ಲಗ್ ಅಲ್ಲ. ಇದರಲ್ಲಿ ಕಿಡಿ ಹಾರುವುದಿಲ್ಲ. ಒಳಗೆ ಕೂದಲಿನಷ್ಟು ತೆಳು ತಂತಿಯ ಸುರುಳಿ ಇದೆ, ಅದರಲ್ಲಿ ಪ್ಲಾಟಿನಂ ಇದೆ. ಮೊದಲು ಇಗ್ನೈಟರ್ ಅದನ್ನು ಕೆಂಪು ಮಾಡುತ್ತದೆ. ಇಂಜಿನ್ ಓಡಲು ಶುರುವಾದ ಮೇಲೆ ಒಳಗಿನ ಬಿಸಿ, ಒತ್ತಡ ಮತ್ತು ಪ್ಲಾಟಿನಂ ಜೊತೆ ಮೆಥನಾಲ್ ನಡೆಸುವ ಕ್ರಿಯೆ, ಇವು ಸೇರಿ ಸುರುಳಿಯನ್ನು ಕೆಂಪಾಗಿಯೇ ಇಡುತ್ತವೆ. ಆಗ ಇಗ್ನೈಟರ್ ತೆಗೆದರೂ ಇಂಜಿನ್ ಓಡುತ್ತದೆ.

ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ. ಇಲ್ಲದಿದ್ದರೆ ಆ ಮಣ್ಣು ನೇರ ಪಿಸ್ಟನ್ ಮೇಲೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗನ್ನು ಇಗ್ನೈಟರ್ ತುದಿಗೆ ಸಿಕ್ಕಿಸಿ ನೆರಳಿನಲ್ಲಿ ಹಿಡಿದು ನೋಡಿ. ಇಗ್ನೈಟರ್ ಹಿಡಿಯಿರಿ, ಪ್ಲಗ್ ಹಿಡಿಯಬೇಡಿ, ಒಂದೆರಡು ಸೆಕೆಂಡಿನಲ್ಲೇ ಕೈ ಸುಡುತ್ತದೆ.

ಸರಿಯಾದ ಪ್ಲಗ್‌ನ ಸುರುಳಿ ಎಲ್ಲ ಸುತ್ತೂ ಒಂದೇ ಥರ, ಗಾಢ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಊದಿದ ಕೆಂಡದ ಹಾಗೆ. ಮಬ್ಬು ಕೆಂಪಾದರೆ ಸಾಲದು. ಎರಡು ಸುತ್ತು ಮಾತ್ರ ಕೆಂಪಾಗಿ ಉಳಿದದ್ದು ಕಪ್ಪಾಗಿದ್ದರೂ ಸಾಲದು. ಏನೂ ಆಗದಿದ್ದರೆ ತಂತಿ ತುಂಡಾಗಿದೆ. ತುಂಡು ಇಂಜಿನ್ನಿನೊಳಗೆ ಬಿದ್ದಿರಬಹುದು, ಕಾರನ್ನು ತಲೆಕೆಳಗು ಮಾಡಿ ಹೆಡ್ ತಟ್ಟಿ ಹೊರಗೆ ಬೀಳಿಸಿ.

ಮಬ್ಬಾಗಿದ್ದರೆ ತಪ್ಪು ಪ್ಲಗ್‌ದೋ ಇಗ್ನೈಟರ್‌ದೋ? ಹೊಸ ಪ್ಲಗ್ ಸಿಕ್ಕಿಸಿ ನೋಡಿ. ಅದೂ ಮಬ್ಬಾಗಿದ್ದರೆ ಇಗ್ನೈಟರ್. ನಾನೇ ಒಮ್ಮೆ ಇಗ್ನೈಟರ್‌ಗೆ ಮೀಟರ್ ಹಿಡಿದು, 1.2 ವೋಲ್ಟ್ ತೋರಿಸಿತು ಅಂತ ಸರಿ ಅಂದುಕೊಂಡು ಒಂದು ಭಾನುವಾರ ಪೂರ್ತಿ ಬೇರೆ ಕಡೆ ಹುಡುಕಿದ್ದೆ. ಪ್ಲಗ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ಸುಮ್ನೆ ಇರುವಾಗ ಸರಿಯಾದ ವೋಲ್ಟೇಜ್ ತೋರಿಸುವ ಹಳೆ ಬ್ಯಾಟರಿ ಆ ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಅವತ್ತಿನಿಂದ ನಾನು ನಂಬುವುದು ಸುರುಳಿಯ ಬಣ್ಣವನ್ನು ಮಾತ್ರ.

ಇಗ್ನೈಟರ್ ಬದಲು ಮನೆಯಲ್ಲಿರುವ ಲಿಥಿಯಂ ಸೆಲ್ ಅಥವಾ 12 ವೋಲ್ಟ್ ಬ್ಯಾಟರಿ ನೇರವಾಗಿ ಕೊಡಬೇಡಿ. ಪ್ಲಗ್‌ಗೆ ಬೇಕಾದ್ದು 1.2ರಿಂದ 1.5 ವೋಲ್ಟ್. 3.7 ವೋಲ್ಟ್ ಕೊಟ್ಟರೆ ಒಂದು ಕ್ಷಣ ಬೆಳ್ಳಗೆ ಹೊಳೆದು ತಂತಿ ಕಡಿದುಹೋಗುತ್ತದೆ.

ಹಳೆ ಪ್ಲಗ್‌ನ ಸುರುಳಿ ಇನ್ನೂ ಕೆಲವು ವಿಷಯ ಹೇಳುತ್ತದೆ. ಒದ್ದೆಯಾಗಿ ಹೊಳೆಯುತ್ತಿದ್ದರೆ ಇಂಧನ ಜಾಸ್ತಿ. ಸೊಟ್ಟಗಾಗಿ, ಬೂದು ಬಳಿದ ಹಾಗೆ ಮಂಕಾಗಿದ್ದರೆ ಇಂಜಿನ್ ಲೀನ್ ಆಗಿ, ಅಂದರೆ ಇಂಧನ ಕಡಿಮೆಯಾಗಿ ಓಡಿದೆ. ಅಂಥ ಪ್ಲಗ್ ಹೊರಗೆ ಕೆಂಪಾದರೂ ಒಳಗೆ ಕೈಕೊಡುತ್ತದೆ. ಬದಲಿಸಿಬಿಡಿ.

ಪ್ಲಗ್‌ನಲ್ಲಿ ಎರಡು ಜಾತಿ. ಸಾಮಾನ್ಯ ಪ್ಲಗ್‌ಗೆ ತಾಮ್ರದ ವಾಷರ್ ಇರುತ್ತದೆ. ಟರ್ಬೋ ಪ್ಲಗ್‌ನ ಬುಡ ಓರೆಯಾಗಿರುತ್ತದೆ, ವಾಷರ್ ಇರುವುದಿಲ್ಲ. ಒಂದರ ಹೆಡ್‌ಗೆ ಇನ್ನೊಂದು ಕೂರುವುದಿಲ್ಲ. ಹಾಕುವಾಗ ಮೊದಲು ಬೆರಳಿನಿಂದ ಪೂರ್ತಿ ತಿರುಗಿಸಿ, ಕೊನೆಗೆ ಮಾತ್ರ ಸ್ಪಾನರ್. ಹೆಡ್ ಅಲ್ಯೂಮಿನಿಯಂ, ಮರೆ (ಥ್ರೆಡ್) ಓರೆಯಾಗಿ ಕಚ್ಚಿದರೆ ಸರಿಮಾಡುವುದು ಕಷ್ಟ. ಹಾಕಿದ ಮೇಲೆ ಇಗ್ನೈಟರ್ ಪ್ಲಗ್‌ನ ತುದಿಯನ್ನು ಗಟ್ಟಿಯಾಗಿ ಕಚ್ಚುತ್ತಿದೆಯಾ ನೋಡಿ. ಹೆಡ್ ಆಳವಾಗಿದ್ದರೆ ಗಿಡ್ಡ ಇಗ್ನೈಟರ್ ತಲುಪುವುದೇ ಇಲ್ಲ.

## ಹಂತ 3: ಇಂಧನ ಕಾರ್ಬ್ಯುರೇಟರ್ ತಲುಪುತ್ತಿದೆಯಾ?

ಮೊದಲು ಇಂಧನವೇ ಸರಿಯಿದೆಯಾ ನೋಡಿ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿ ಬೇಗ ಕೆಡುತ್ತದೆ. ನೋಡಲು ಬಣ್ಣ, ವಾಸನೆ ಎಲ್ಲ ಹಾಗೇ ಇರುತ್ತದೆ, ಹಾಗಾಗಿ ಕಣ್ಣಿಗೆ ಮೋಸ. ಕಳೆದ ಸಲ ಟ್ಯಾಂಕಿನಲ್ಲೇ ಬಿಟ್ಟ ಇಂಧನವನ್ನೂ ನಂಬಬೇಡಿ. ತೆಗೆದು, ಹೊಸ ಬಾಟಲಿಯದ್ದು ಹಾಕಿ.

ಪೆಟ್ರೋಲ್‌ಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿ ಹಾಕಿದೆ, ಯಾಕೆ ಆಗ್ತಿಲ್ಲ ಅಂತ ಕೇಳುವವರು ಇದ್ದಾರೆ. ಆಗುವುದಿಲ್ಲ. ಮೆಥನಾಲ್ ಜೊತೆ ನಡೆಯುವ ಪ್ಲಾಟಿನಂ ಕ್ರಿಯೆ ಪೆಟ್ರೋಲ್ ಜೊತೆ ಹಾಗೆ ನಡೆಯುವುದಿಲ್ಲ. ಮೇಲಾಗಿ ಟ್ಯಾಂಕ್, ಸಿಲಿಕಾನ್ ಪೈಪ್, ಓ ರಿಂಗ್‌ಗಳು ಪೆಟ್ರೋಲ್‌ಗೆ ಊದಿಕೊಳ್ಳುತ್ತವೆ. ವಿಮಾನದ ಮಾಡೆಲ್‌ಗಳಿಗೆ ಮಾಡಿದ ಇಂಧನದಲ್ಲಿ ಸಾಮಾನ್ಯವಾಗಿ ನೈಟ್ರೋ ಕಡಿಮೆ, ಎಣ್ಣೆ ಜಾಸ್ತಿ. ಅದರಲ್ಲಿ ಕಾರಿನ ಇಂಜಿನ್ ಕಷ್ಟಪಟ್ಟು ಓಡುತ್ತದೆ. ಕಾರಿಗೆ ಅಂತ ಬರುವ 16ರಿಂದ 25 ಶೇಕಡಾ ನೈಟ್ರೋ ಇರುವುದು ಸಾಕು.

ಇನ್ನು ಪೈಪುಗಳು. ಟ್ಯಾಂಕಿನಿಂದ ಎರಡು ಪೈಪ್ ಹೊರಡುತ್ತವೆ. ಟ್ಯಾಂಕಿನ ತಳದಿಂದ ಇಂಧನ ಎತ್ತುವುದು ಕಾರ್ಬ್ಯುರೇಟರ್‌ಗೆ ಹೋಗಬೇಕು. ಟ್ಯಾಂಕಿನ ಮೇಲ್ಭಾಗಕ್ಕೆ ಸೇರುವುದು ಎಕ್ಸಾಸ್ಟ್ ಪೈಪಿನಿಂದ ಒತ್ತಡ ತರುತ್ತದೆ. ತೊಳೆದು ಮತ್ತೆ ಜೋಡಿಸುವಾಗ ಇವೆರಡೂ ಅದಲುಬದಲಾಗುವುದು ತುಂಬ ಸಾಮಾನ್ಯ. ಬೆರಳಿಟ್ಟು ಒಂದೊಂದನ್ನೂ ಕೊನೆಯವರೆಗೆ ಹಿಂಬಾಲಿಸಿ.

ಈಗ ಪ್ರೈಮ್ ಮಾಡಿ, ಅಂದರೆ ಇಂಧನವನ್ನು ಕಾರ್ಬ್ಯುರೇಟರ್‌ವರೆಗೆ ತನ್ನಿ. ಟ್ಯಾಂಕ್ ಮುಕ್ಕಾಲು ತುಂಬಿ, ಮುಚ್ಚಳ ಗಟ್ಟಿಯಾಗಿ ಹಾಕಿ. ಟ್ಯಾಂಕಿನ ಮೇಲೆ ಪ್ರೈಮರ್ ಗುಂಡಿ ಇದ್ದರೆ ಒತ್ತಿ. ಇಲ್ಲದಿದ್ದರೆ ಎಕ್ಸಾಸ್ಟ್ ತುದಿಯನ್ನು ಬೆರಳಿನಿಂದ ಮುಚ್ಚಿ ಹಗ್ಗವನ್ನು ಎರಡು ಮೂರು ಸಲ ಎಳೆಯಿರಿ. ಇಂಜಿನ್ ತಣ್ಣಗಿದ್ದರೆ ಮಾತ್ರ ಬೆರಳು, ಬಿಸಿಯಿದ್ದರೆ ಮಡಚಿದ ಬಟ್ಟೆ. ಕಣ್ಣು ಪಾರದರ್ಶಕ ಪೈಪಿನ ಮೇಲಿರಲಿ. ಬಣ್ಣದ ಇಂಧನ ಎಳೆತಕ್ಕೊಮ್ಮೆ ಒಂದಿಷ್ಟು ಮುಂದೆ ಸರಿಯುವುದು ಕಾಣಿಸುತ್ತದೆ. ಅದು ಕಾರ್ಬ್ಯುರೇಟರ್ ಮುಟ್ಟಿದ ಕೂಡಲೇ ನಿಲ್ಲಿಸಿ. ‘ಇನ್ನೆರಡು ಸಲ ಇರಲಿ’ ಅಂತ ಎಳೆದರೆ ಹಂತ 1ರಲ್ಲಿ ಹೇಳಿದ ಹಾಗೆ ಓವರ್ ಆಗುತ್ತದೆ.

ಇಂಧನ ಸರಿಯದೇ ಇದ್ದರೆ, ಅಥವಾ ಸರಿದು ಮತ್ತೆ ಹಿಂದಕ್ಕೆ ಹೋದರೆ, ಟ್ಯಾಂಕ್ ಮುಚ್ಚಳದ ರಬ್ಬರ್, ಒತ್ತಡದ ಪೈಪ್, ಫಿಲ್ಟರ್ ಈ ಮೂರನ್ನು ನೋಡಿ. ಪೈಪಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಬರುತ್ತಿದ್ದರೆ ಎಲ್ಲೋ ತೂತು ಇದೆ. ಪೈಪ್ ಕಾರ್ಬ್ಯುರೇಟರ್‌ಗೆ ಸೇರುವ ತುದಿಯಲ್ಲಿ ಸೀಳು ಬಿಡುವುದು ಹೆಚ್ಚು. ಸೆಂಟಿಮೀಟರ್‌ನಷ್ಟು ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಸಾಕಾಗುತ್ತದೆ.

ಪೈಪಿನವರೆಗೆ ಇಂಧನ ಬರುತ್ತಿದೆ, ಆದರೆ ಪ್ಲಗ್ ಒಣಗಿಯೇ ಇದೆ ಅಂದರೆ ಹೈಸ್ಪೀಡ್ ನೀಡಲ್‌ನ (ಜೋರಾಗಿ ಓಡುವಾಗಿನ ಇಂಧನ ಹೊಂದಿಸುವುದು) ದಾರಿಯಲ್ಲಿ ಕಸ ಕೂತಿದೆ. ನೀಡಲ್ ಪೂರ್ತಿ ಕೂರುವವರೆಗೆ ಎಷ್ಟು ಸುತ್ತು ಅಂತ ಎಣಿಸಿ ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಹೊರತೆಗೆದು ಆ ದಾರಿಗೆ ಗಾಳಿ ಹೊಡೆಯಿರಿ. ಒಬ್ಬ ಹುಡುಗನ ಕಾರಿನಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು ಮರಳಿನ ಕಣ. ಉಗುರಿನ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದಾಗ ಮಾತ್ರ ಕಂಡಿತು.

## ಹಂತ 4: ಥ್ರಾಟಲ್ ಬಾಯಿ ಮತ್ತು ಏರ್ ಫಿಲ್ಟರ್

ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯೊಳಗೆ ನೋಡಿ. ಟ್ರಾನ್ಸ್‌ಮಿಟರ್ ಆನ್ ಇದ್ದು, ಟ್ರಿಗರ್ ಮುಟ್ಟದಿರುವಾಗ ಒಳಗೆ ಸುಮಾರು 1 ಮಿ.ಮೀ. ಸಂದು ಇರಬೇಕು. ಪೂರ್ತಿ ಮುಚ್ಚಿದ್ದರೆ ಗಾಳಿ ಹೋಗುವುದಿಲ್ಲ. ಜಾಸ್ತಿ ತೆರೆದಿದ್ದರೆ ಸ್ಟಾರ್ಟ್ ಆದ ಕೂಡಲೇ ಕಾರು ಕೈ ತಪ್ಪಿ ಓಡುತ್ತದೆ. ರಿಸೀವರ್ ಬ್ಯಾಟರಿ ಇಳಿದಿದ್ದರೆ ಥ್ರಾಟಲ್ ತಿರುಗಿಸುವ ಸರ್ವೋ ಮೋಟಾರ್ ಎಲ್ಲೆಲ್ಲೋ ನಿಲ್ಲುತ್ತದೆ, ಮೊದಲು ಅದನ್ನು ಚಾರ್ಜ್ ಮಾಡಿ.

ಫಿಲ್ಟರ್ ಸ್ಪಂಜು ಧೂಳಿನಿಂದ ಕಟ್ಟಿದ್ದರೆ ತೊಳೆದು ಒಣಗಿಸಿ, ಫಿಲ್ಟರ್ ಎಣ್ಣೆ ಹಾಕಿ ಹಿಂಡಿ. ತೊಟ್ಟಿಕ್ಕುವಷ್ಟು ಎಣ್ಣೆ ಬೇಡ. ಪರೀಕ್ಷೆಗೆ ಅಂತಲೂ ಫಿಲ್ಟರ್ ಇಲ್ಲದೆ ಇಂಜಿನ್ ಓಡಿಸಬೇಡಿ.

## ಹಂತ 5: ಈಗ ಸ್ಟಾರ್ಟ್ ಮಾಡಿ

1. ಚಕ್ರಗಳು ನೆಲ ಮುಟ್ಟದ ಹಾಗೆ ಕಾರನ್ನು ಡಬ್ಬದ ಮೇಲೆ ಇಡಿ.
2. ಟ್ರಾನ್ಸ್‌ಮಿಟರ್, ಆಮೇಲೆ ರಿಸೀವರ್ ಆನ್ ಮಾಡಿ. ಸಂದು 1 ಮಿ.ಮೀ. ಇದೆಯಾ ಮತ್ತೊಮ್ಮೆ ನೋಡಿ.
3. ಪ್ರೈಮ್ ಮಾಡಿ.
4. ಇಗ್ನೈಟರ್ ಸಿಕ್ಕಿಸಿ.
5. ಒಂದು ಕೈಯಲ್ಲಿ ಕಾರನ್ನು ಗಟ್ಟಿ ಹಿಡಿದು, ಹಗ್ಗವನ್ನು 25–30 ಸೆಂ.ಮೀ.ನಷ್ಟು ಚುರುಕಾಗಿ ಎಳೆಯಿರಿ. ಕೊನೆಯವರೆಗೆ ಎಳೆದರೆ ಹಗ್ಗ ಬುಡದಲ್ಲಿ ಕಿತ್ತು ಬರುತ್ತದೆ. ವಾಪಸ್ ಹೋಗುವಾಗ ಕೈ ಬಿಡಬೇಡಿ, ಜೊತೆಗೇ ಹೋಗಿ.

ಹತ್ತು ಎಳೆತಕ್ಕೆ ಸ್ಟಾರ್ಟ್ ಆಗದಿದ್ದರೆ ನಿಲ್ಲಿಸಿ. ಹನ್ನೊಂದನೆಯದು ಬೇಡ. ಪ್ಲಗ್ ಬಿಚ್ಚಿ ಬೆರಳಿನಿಂದ ಮುಟ್ಟಿ ನೋಡಿ.

ಪ್ಲಗ್ ಒಣಗಿದೆ: ಇಂಧನ ಒಳಗೆ ಹೋಗಿಲ್ಲ. ಹಂತ 3ಕ್ಕೆ ವಾಪಸ್ ಹೋಗಿ.

ಪ್ಲಗ್ ತೋಯ್ದಿದೆ: ಇಂಧನ ಬಂದಿದೆ, ಹೊತ್ತಿಕೊಂಡಿಲ್ಲ. ಒಳಗಿನದನ್ನು ಹೊರಹಾಕಿ, ಪ್ಲಗ್ ಒಣಗಿಸಿ, ಕೆಂಪಾಗುವುದನ್ನು ಮತ್ತೆ ನೋಡಿ ಹಾಕಿ. ಈ ಸಲ ಪ್ರೈಮ್ ಮಾಡಬೇಡಿ.

ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಒದ್ದರೆ ಅದೂ ಹೆಚ್ಚಾಗಿ ಇಂಧನ ಜಾಸ್ತಿಯಾದ ಗುರುತು.

ಇಡೀ ಬರಹದಲ್ಲಿ ಒಂದೇ ಪರೀಕ್ಷೆ ನೆನಪಿಟ್ಟುಕೊಳ್ಳುವುದಾದರೆ ಈ ಒಣ–ಒದ್ದೆ ಪರೀಕ್ಷೆ ಇರಲಿ. ಇದು ಅರ್ಧ ಕಾರಣಗಳನ್ನು ಒಂದೇ ಏಟಿಗೆ ಪಕ್ಕಕ್ಕಿಡುತ್ತದೆ.

## ಹಂತ 6: ಸ್ಟಾರ್ಟ್ ಆಗುತ್ತದೆ, ಆದರೆ ಸರಿಯಾಗಿ ಓಡುವುದಿಲ್ಲ

ಇಗ್ನೈಟರ್ ತೆಗೆದ ಕೂಡಲೇ ಆಫ್. ಇಂಜಿನ್ ಸ್ವಲ್ಪ ಬಿಸಿಯಾಗುವವರೆಗೆ, ಅರ್ಧ ನಿಮಿಷದಷ್ಟು ಇಗ್ನೈಟರ್ ಹಾಗೇ ಇರಲಿ. ಆಮೇಲೂ ಆಫ್ ಆದರೆ ಹೊಸ ಪ್ಲಗ್ ಹಾಕಿ. ಹೊಸ ಪ್ಲಗ್‌ನಲ್ಲೂ ಹಾಗೇ ಆದರೆ ಲೋಸ್ಪೀಡ್ ನೀಡಲ್ (ನಿಧಾನಕ್ಕೆ ಓಡುವಾಗಿನ ಇಂಧನ ಹೊಂದಿಸುವುದು) ರಿಚ್ ಆಗಿದೆ, ಅಂದರೆ ಇಂಧನ ಜಾಸ್ತಿ ಹೋಗಿ ಸುರುಳಿ ತಣ್ಣಗಾಗುತ್ತಿದೆ.

ಹತ್ತು ಸೆಕೆಂಡ್ ಓಡಿ ಆಫ್. ಟ್ಯಾಂಕಿಗೆ ಒತ್ತಡ ಸಿಗುತ್ತಿಲ್ಲ. ಎಕ್ಸಾಸ್ಟ್‌ನಿಂದ ಬರುವ ಪೈಪ್ ಬಿಟ್ಟುಹೋಗಿದೆಯಾ, ಅದರ ನಿಪ್ಪಲ್‌ನಲ್ಲಿ ಮಸಿ ಕಟ್ಟಿದೆಯಾ ನೋಡಿ.

ತಾನಾಗೇ ಕೂಗು ಏರುತ್ತಾ ಹೋಗುತ್ತದೆ. ತಕ್ಷಣ ಆಫ್ ಮಾಡಿ. ಕಾರ್ಬ್ಯುರೇಟರ್‌ಗೆ ಹೋಗುವ ಪೈಪನ್ನು ಚಿವುಟಿ ಹಿಡಿಯಿರಿ, ಇಲ್ಲವೇ ಎಕ್ಸಾಸ್ಟ್ ತುದಿಗೆ ದಪ್ಪ ಬಟ್ಟೆ ಒತ್ತಿ. ಬರಿಗೈ ಬೇಡ. ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ನುಗ್ಗುತ್ತಿದೆ. ಮುಂದಿನ ಹಂತ ಮುಗಿಸದೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ತಣ್ಣಗಿದ್ದಾಗ ಆಗುತ್ತದೆ, ಬಿಸಿಯಾದ ಮೇಲೆ ಆಗುವುದಿಲ್ಲ. ಈ ಗುರುತನ್ನು ಜನ ಗಮನಿಸುವುದೇ ಇಲ್ಲ. ಹೆಡ್ ಮೇಲೆ ನೀರು ಹಾಕಿ ತಣ್ಣಗೆ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂತಾದರೆ ಪಿಸ್ಟನ್–ಸ್ಲೀವ್ ಸವೆದಿದೆ. ಬಿಸಿಗೆ ಸ್ಲೀವ್ ಹಿಗ್ಗಿ ಕಂಪ್ರೆಷನ್ ಸೋರುತ್ತಿದೆ. ಖಚಿತ ಮಾಡಿಕೊಳ್ಳಲು ಪ್ಲಗ್ ಗಟ್ಟಿಯಾಗಿ ಹಾಕಿ, ಇಗ್ನೈಟರ್ ಇಲ್ಲದೆ, ತಣ್ಣಗಿನ ಇಂಜಿನ್ನಿನ ಫ್ಲೈವೀಲ್ ತಿರುಗಿಸಿ. ಬಿಗಿ ಜಾಗವೇ ಸಿಗದೆ ಸಲೀಸಾಗಿ ಸುತ್ತಿದರೆ ನೀಡಲ್‌ನಿಂದ ಏನೂ ಆಗುವುದಿಲ್ಲ. ಪಿಸ್ಟನ್, ಸ್ಲೀವ್ ಜೋಡಿಯನ್ನೇ ಬದಲಿಸಬೇಕು.

## ಹಂತ 7: ಕಳ್ಳದಾರಿಯ ಗಾಳಿ

ನೋಡಬೇಕಾದ ಜಾಗಗಳು: ಕಾರ್ಬ್ಯುರೇಟರ್ ಇಂಜಿನ್ನಿಗೆ ಕೂರುವ ಕುತ್ತಿಗೆ, ಹಿಂಬದಿಯ ಪ್ಲೇಟ್‌ನ ನಾಲ್ಕು ಸ್ಕ್ರೂ, ನೀಡಲ್‌ಗಳ ಓ ರಿಂಗ್, ಎಕ್ಸಾಸ್ಟ್ ಗ್ಯಾಸ್ಕೆಟ್, ಟ್ಯಾಂಕ್ ಮುಚ್ಚಳ. ಇಂಧನ ಮತ್ತು ಎಣ್ಣೆ ಜಿನುಗಿ, ಅದಕ್ಕೆ ಧೂಳು ಅಂಟಿ, ಕಪ್ಪು ಪಟ್ಟಿ ಎಲ್ಲಿ ಕಾಣುತ್ತದೋ ಅಲ್ಲೇ ಸೋರಿಕೆ. ಕಾರ್ಬ್ಯುರೇಟರನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಕುತ್ತಿಗೆಯ ಬೋಲ್ಟ್ ಬಿಗಿಮಾಡಬೇಕು. ಬಿಗಿಮಾಡುವಾಗ ಕಾರ್ಬ್ಯುರೇಟರನ್ನು ಮೇಲಿಂದ ಒತ್ತಿ ಹಿಡಿದಿರಿ.

ಟ್ಯಾಂಕ್ ಅನುಮಾನ ಇದ್ದರೆ ಹೊರಗೆ ತೆಗೆದು, ಖಾಲಿ ಮಾಡಿ, ಒಂದು ನಿಪ್ಪಲ್ ಮುಚ್ಚಿ. ಇನ್ನೊಂದಕ್ಕೆ ಪೈಪ್ ಹಾಕಿ ಸೂಜಿ ಇಲ್ಲದ ಸಿರಿಂಜ್‌ನಿಂದ ಗಾಳಿ ಒತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿ. ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕುವ ಹಾಗೆಯೇ, ಗುಳ್ಳೆ ಬಂದಲ್ಲಿ ತೂತು. ಮತ್ತೆ ಜೋಡಿಸುವ ಮೊದಲು ಒಳಗೆ ಒಂದು ಹನಿ ನೀರೂ ಉಳಿಯದಂತೆ ಒಣಗಿಸಿ.

## ಹಂತ 8: ಕೊನೆಗೆ ನೀಡಲ್

ಇಲ್ಲಿಯವರೆಗೆ ಎಲ್ಲ ಸರಿಯಿದ್ದರೆ ಮಾತ್ರ ನೀಡಲ್ ಮುಟ್ಟಿ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಇಂಧನ ಕಡಿಮೆ, ಅಂದರೆ ಲೀನ್. ಎದುರು ದಿಕ್ಕಿಗೆ ತಿರುಗಿಸಿದರೆ ರಿಚ್.

ಮೊದಲ ಕೆಲಸ, ಈಗ ಎಲ್ಲಿದೆ ಅಂತ ತಿಳಿಯುವುದು. ಹೈಸ್ಪೀಡ್ ನೀಡಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ ಸುತ್ತು ಎಣಿಸಿ. ತುದಿ ಕೂತ ಕೂಡಲೇ ನಿಲ್ಲಿಸಿ, ಬಿಗಿಮಾಡಿದರೆ ಸೂಜಿಯ ತುದಿ ಕೆಡುತ್ತದೆ. ಸಂಖ್ಯೆ ಬರೆದುಕೊಳ್ಳಿ. ಆಮೇಲೆ ನಿಮ್ಮ ಇಂಜಿನ್ನಿನ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಸುತ್ತು ಹೊರಗೆ ತನ್ನಿ. ಒಂದೊಂದು ಇಂಜಿನ್ನಿಗೆ ಒಂದೊಂದು ಸಂಖ್ಯೆ, ಬೇರೆಯವರ ಕಾರಿನದ್ದನ್ನು ನಕಲು ಮಾಡಬೇಡಿ. ಲೋಸ್ಪೀಡ್ ನೀಡಲನ್ನೂ ಮ್ಯಾನುಯಲ್ ಹೇಳಿದ ಜಾಗಕ್ಕೆ ತನ್ನಿ.

ಸ್ಟಾರ್ಟ್ ಆದ ಮೇಲೆ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ. ಒಂದು ನೀಡಲ್ ತಿರುಗಿಸಿ, ಕಾರು ಓಡಿಸಿ ನೋಡಿ, ಆಮೇಲೆ ಇನ್ನೊಂದು. ಮೊದಲು ಹೈಸ್ಪೀಡ್, ಆಮೇಲೆ ಲೋಸ್ಪೀಡ್. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಲೋಸ್ಪೀಡ್ ನೋಡಲು ಸುಲಭದ ದಾರಿ ಇದೆ. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ ಕಾರ್ಬ್ಯುರೇಟರ್ ಪಕ್ಕದಲ್ಲೇ ಪೈಪ್ ಚಿವುಟಿ. ಎರಡು ಮೂರು ಸೆಕೆಂಡ್ ಓಡಿ, ಕೊಂಚ ಸದ್ದು ಏರಿಸಿ ಆಫ್ ಆದರೆ ಸರಿ. ಚಿವುಟಿದ ಕೂಡಲೇ ಆಫ್ ಆದರೆ ಲೀನ್. ಸುಮಾರು ಹೊತ್ತು ಎಳೆದಾಡಿ ಆಫ್ ಆದರೆ ರಿಚ್.

ನೀಡಲ್ ಒಮ್ಮೆ ಸರಿಯಾದರೆ ಯಾವಾಗಲೂ ಸರಿ ಅಂತಲ್ಲ. ಮಂಗಳೂರಿನಲ್ಲಿ ಸರಿಮಾಡಿದ ಕಾರನ್ನು ಬೆಂಗಳೂರಿಗೆ ತಂದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಬಂದ ಹಾಗೆ. ಗಾಳಿ ತೆಳು, ಹಾಗಾಗಿ ಮಿಶ್ರಣ ಸ್ವಲ್ಪ ರಿಚ್ ಆಗುತ್ತದೆ. ಚಳಿಗಾಲದ ಬೆಳಗ್ಗೆ ಗಾಳಿ ದಟ್ಟ, ಆಗ ಅದೇ ಸೆಟ್ಟಿಂಗ್ ಲೀನ್ ಆಗುತ್ತದೆ. ಲೀನ್ ಆದರೆ ಇಂಜಿನ್ ಚುರುಕಾಗಿ ಓಡುವ ಹಾಗೆ ಅನಿಸುತ್ತದೆ, ಅದೇ ಅಪಾಯ. ಇಂಧನದ ಜೊತೆಗೇ ಎಣ್ಣೆಯೂ ಹೋಗಬೇಕು, ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಅನುಮಾನ ಬಂದಾಗ ರಿಚ್ ಕಡೆಗೇ ಇರಿ. ಎಕ್ಸಾಸ್ಟ್‌ನಿಂದ ತೆಳುವಾದ ನೀಲಿ ಹೊಗೆ ಯಾವಾಗಲೂ ಕಾಣುತ್ತಿರಬೇಕು.

## ಸ್ಟಾರ್ಟ್ ಆಯಿತು, ಮುಂದೆ?

ಐದು ನಿಮಿಷ ಓಡಿಸಿ ತನ್ನಿ. ಹೆಡ್ ಮೇಲೆ ಒಂದು ಹನಿ ನೀರು ಬಿಡಿ. ಚುರ್ ಅಂದು ಮೂರರಿಂದ ಐದು ಸೆಕೆಂಡಿನಲ್ಲಿ ಕುದಿದು ಆರಿದರೆ ಬಿಸಿ ಸರಿಯಾಗಿದೆ, ಸುಮಾರು 100ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗೆ. ಬಿಸಿ ಕಾವಲಿಗೆ ಬಿದ್ದ ಹನಿಯ ಹಾಗೆ ಸಿಡಿದು ಮಾಯವಾದರೆ ಲೀನ್, ಕೂಡಲೇ ರಿಚ್ ಮಾಡಿ. ಹನಿ ಹಾಗೇ ಕೂತಿದ್ದರೆ ರಿಚ್. ಹೊಸ ಇಂಜಿನ್ನಿನ ಮೊದಲ ಕೆಲವು ಟ್ಯಾಂಕ್‌ಗಳಿಗೆ ರಿಚ್ ಇರುವುದೇ ಸರಿ, ಆದರೆ ಇಂಜಿನ್ ತೀರಾ ತಣ್ಣಗೆ ಓಡಬಾರದು.

ದಿನದ ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಉಳಿದ ಇಂಧನ ಸುಟ್ಟು ತಾನಾಗೇ ಆಫ್ ಆಗಲು ಬಿಡಿ. ಐಡಲ್‌ನಲ್ಲೇ ಇರಲಿ, ಥ್ರಾಟಲ್ ಕೊಡಬೇಡಿ. ಇಂಜಿನ್ ಬೆಚ್ಚಗಿರುವಾಗಲೇ ಪ್ಲಗ್ ಬಿಚ್ಚಿ ರಂಧ್ರಕ್ಕೆ ಮೂರು ನಾಲ್ಕು ಹನಿ, ಕಾರ್ಬ್ಯುರೇಟರ್ ಬಾಯಿಗೆ ಎರಡು ಹನಿ ಆಫ್ಟರ್‌ರನ್ ಎಣ್ಣೆ ಬಿಡಿ. ಇಗ್ನೈಟರ್ ಇಲ್ಲದೆ ಏಳೆಂಟು ಸಲ ಹಗ್ಗ ಎಳೆದು ಎಣ್ಣೆ ಎಲ್ಲ ಕಡೆ ಹರಡಿ, ಪ್ಲಗ್ ಹಾಕಿ. ಕೊನೆಗೆ ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಬಿಗಿ ಜಾಗದಿಂದ ಕೆಳಗೆ ತಂದು ನಿಲ್ಲಿಸಿ. ಮೇಲೆ ಕಚ್ಚಿಕೊಂಡೇ ತಣ್ಣಗಾಗಲು ಬಿಟ್ಟರೆ ಮುಂದಿನ ಭಾನುವಾರ ಹಂತ 1ರಿಂದಲೇ ಶುರುಮಾಡಬೇಕಾಗುತ್ತದೆ.